ಇಪ್ಪತ್ತೆರಡು ಡಿಗ್ರಿಯ ಕೋಣೆ

ಗುಂಯ್ ಎಂಬ ಸಣ್ಣ ಸದ್ದಿಗೆ ನಲಿನಿಗೆ ಎಚ್ಚರವಾಯಿತು.

ಸೊಳ್ಳೆ ಇರಬೇಕು ಅಂದುಕೊಂಡಳು. ಆದರೆ ಸೊಳ್ಳೆ ಒಂದೇ ಜಾಗದಲ್ಲಿ ನಿಂತು ಕೂಗುವುದಿಲ್ಲ. ಸದ್ದು ಮೇಜಿನ ಕೆಳಗಿಂದ, ಅಣ್ಣನ ಸಣ್ಣ ಆಂಪ್ಲಿಫೈಯರಿನಿಂದ ಬರುತ್ತಿತ್ತು. ಅದರ ಕೆಂಪು ದೀಪ ಹೊತ್ತಿಕೊಂಡಿತ್ತು. ಗಡಿಯಾರದಲ್ಲಿ ಎರಡೂ ಮುಕ್ಕಾಲು.

ಕರೆಂಟು ಬಂದಿತ್ತು. ರಾತ್ರಿ ಹತ್ತಕ್ಕೆ ಗಾಳಿ ಎದ್ದು ಕರೆಂಟು ಹೋದಾಗ ಅವಳು ಎಲ್ಲವನ್ನೂ ಇದ್ದ ಹಾಗೇ ಬಿಟ್ಟು ಅಣ್ಣನ ಮಂಚದ ಮೇಲೆ ಒರಗಿದ್ದಳು. ನಡುವೆ ಯಾವಾಗಲೋ ಮಳೆ ಸುರಿದು ಹೋಗಿತ್ತು. ಸಿಮೆಂಟು ಶೀಟಿನ ಅಂಚಿನಿಂದ ಹನಿ ಇನ್ನೂ ತೊಟ್ಟಿಕ್ಕುತ್ತಿತ್ತು. ಕಿಟಕಿಯ ಗಾಳಿಗೆ ತೋಳಿನ ಮೇಲೆ ಮುಳ್ಳೆದ್ದವು. ಹೈದರಾಬಾದಿನ ಮೇ ತಿಂಗಳಲ್ಲಿ ಇಂಥ ರಾತ್ರಿ ಒಂದೋ ಎರಡೋ.

ಅವಳು ಕೈ ಚಾಚಿ, ಮಂಚಕ್ಕೆ ಒರಗಿಸಿದ್ದ ಗಿಟಾರಿನ ದಪ್ಪ ತಂತಿಯನ್ನು ಮೀಟಿದಳು.

ಕೋಣೆಯೇ ಹರಿದುಹೋದಂತಾಯಿತು. ಅವಳು ಹೆದರಿ ಅಂಗೈಯಿಂದ ತಂತಿಯನ್ನು ಅದುಮಿದಳು.

ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಸಿಗಿಸಿದ್ದ ಪುಟ್ಟ ಡಬ್ಬಿ ಸಂಜೆ ಮೂಕವಾಗಿತ್ತು. ಹತ್ತು ಸಲ ಮೀಟಿದರೆ ಒಮ್ಮೆ ಉಗುಳಿದ ಹಾಗೆ ಪಿಚಕ್ ಅನ್ನುತ್ತಿತ್ತು, ಅಷ್ಟೇ. ಬ್ಯಾಟರಿ ಬದಲಾಯಿಸಿ ನೋಡಿದ್ದಳು. ಹೊಸ ಬ್ಯಾಟರಿಗೂ ಬಾಯಿ ಬಿಟ್ಟಿರಲಿಲ್ಲ.

ಈಗ ಅವಳು ಮಲಗಿದ್ದಾಗ ಯಾರೂ ಅದನ್ನು ಮುಟ್ಟಿರಲಿಲ್ಲ. ಬದಲಾದದ್ದು ಒಂದೇ. ಕೋಣೆ ತಣ್ಣಗಾಗಿತ್ತು.

*

ಹದಿನಾರು ದಿನಗಳ ಹಿಂದೆ ಕಾಚಿಗುಡದ ಈ ಮಾಳಿಗೆಯ ಕೋಣೆಯಲ್ಲಿ ನಲಿನಿಯ ಅಣ್ಣ ದತ್ತಾತ್ರೇಯ ತಲೆ ಒಡೆದು ಸತ್ತು ಬಿದ್ದಿದ್ದ. ಪಕ್ಕದಲ್ಲಿ ನಾಲ್ಕು ಕಿಲೋ ತೂಕದ ಟ್ರಾನ್ಸ್‌ಫಾರ್ಮರ್. ಮೇಜಿನ ಮೇಲೆ ಈ ಡಬ್ಬಿ, ಮುಚ್ಚಳ ತೆರೆದುಕೊಂಡು. ಸೋಲ್ಡರಿಂಗ್ ಐರನ್ ಇನ್ನೂ ಬಿಸಿಯಾಗಿತ್ತು.

ಡಬ್ಬಿ ಅಂದರೆ ಗಿಟಾರ್ ಬಾರಿಸುವವರು ಕಾಲಿನಿಂದ ಒತ್ತುವ ಫಜ್ ಪೆಡಲ್. ತಂತಿಯ ನಯವಾದ ಸ್ವರವನ್ನು ಒಡೆದು ಉಬ್ಬಿಸಿ ಕೂಗಿಸುವುದು ಅದರ ಕೆಲಸ. ಒಳಗೆ ಒಂಬತ್ತು ವೋಲ್ಟಿನ ಒಂದು ಬ್ಯಾಟರಿ, ಹತ್ತು ಹನ್ನೆರಡು ಬಿಡಿಭಾಗ, ಎರಡು ಹಳೆಯ ಜರ್ಮೇನಿಯಂ ಟ್ರಾನ್ಸಿಸ್ಟರ್. ಆ ಎರಡಕ್ಕಾಗಿ ದತ್ತಾತ್ರೇಯ ಗುರುವಾರ ಬಂತೆಂದರೆ ಜುಮ್ಮೆರಾತ್ ಬಜಾರಿನ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಮೂವತ್ತು ವರ್ಷ ಹಳೆಯ ರೇಡಿಯೋಗಳ ಹೊಟ್ಟೆ ಬಗೆಯುತ್ತಿದ್ದ.

ನೂರು ತಂದರೆ ಎರಡು ಸಿಗುತ್ತಿದ್ದವು. ಒಂದೊಂದನ್ನೂ ಬಟ್ಟೆಗೆ ಹಾಕುವ ಮರದ ಕ್ಲಿಪ್ಪಿನಿಂದ ಹಿಡಿದು ಮೀಟರಿಗೆ ಸಿಗಿಸುತ್ತಿದ್ದ. ಬೆರಳು ತಾಗಿಸುತ್ತಿರಲಿಲ್ಲ. ಬೆರಳಿನ ಬಿಸಿಗೇ ಜರ್ಮೇನಿಯಂ ಸುಳ್ಳು ಹೇಳುತ್ತದೆ ಅನ್ನುತ್ತಿದ್ದ. ನೂರರವರೆಗೆ ಎಣಿಸಿ, ಆಮೇಲೆ ಮುಳ್ಳು ನೋಡುತ್ತಿದ್ದ. ಸದ್ದನ್ನು ಹಿಗ್ಗಿಸುವ ಶಕ್ತಿ ಸಾಲದವು ‘ಕಿವುಡರು’ ಎಂದು ಚೀಟಿ ಅಂಟಿಸಿದ ಡಬ್ಬಕ್ಕೆ. ಅತಿಯಾದವು ‘ಬಾಯಿಬಡುಕರು’. ಸುಮ್ಮನಿದ್ದಾಗಲೂ ಕರೆಂಟು ಸೋರಿಸುವವು ‘ತೂತು ಕೊಡ’. ಎಪ್ಪತ್ತು ಪಟ್ಟಿನ ಆಸುಪಾಸು ಹಿಗ್ಗಿಸುವುದೊಂದು, ನೂರಿಪ್ಪತ್ತರ ಆಸುಪಾಸಿನದೊಂದು ಸಿಕ್ಕಿದರೆ ಅದು ಜೋಡಿ. ಜೋಡಿಗಳಿಗೆ ಅವರ ತಾಯಿಯ ಕುಂಕುಮದ ಕರಡಿಗೆ ಇತ್ತು.

ಆ ಹಳೆಯ ಮಾಲು ಕೊಡುತ್ತಿದ್ದವನು ಸತ್ತಾರ್ ಮಿಯಾ. ಎಪ್ಪತ್ತು ವರ್ಷದ ಮುದುಕ, ದಮ್ಮಿನ ರೋಗಿ. ಆ ರಾತ್ರಿ ಎಂಟೂವರೆಗೆ ಈ ಮೆಟ್ಟಿಲ ಮೇಲೆ ಅವನ ಕೂಗಾಟ ಕೇಳಿತ್ತು. ಬಣ್ಣ ಬಳಿದ ನಕಲಿ ಟ್ರಾನ್ಸಿಸ್ಟರ್ ಕೊಟ್ಟನೆಂದು ದತ್ತಾತ್ರೇಯ ಅವನನ್ನು ಬಯ್ದಿದ್ದ. ಪಕ್ಕದ ಮನೆಯ ಪಾರ್ವತಿಬಾಯಿ ಇಬ್ಬರ ಮಾತನ್ನೂ ಕೇಳಿಸಿಕೊಂಡಿದ್ದರು. ಸತ್ತಾರ್ ಮಿಯಾ ಈಗ ಲಾಕಪ್ಪಿನಲ್ಲಿದ್ದ.

ನಲಿನಿ ಆ ರಾತ್ರಿ ಊರಲ್ಲಿರಲಿಲ್ಲ. ಪರೀಕ್ಷೆಯ ಪೇಪರು ತಿದ್ದಲು ವಾರಂಗಲ್ಲಿಗೆ ಹೋಗಿದ್ದಳು. ಹೆಣವನ್ನು ನೋಡಿದವಳು ಅವಳ ಮಗಳು ಸುಹಾಸಿನಿ. ಹತ್ತು ಗಂಟೆಗೆ ಕೆಲಸದಿಂದ ಬಂದು, ಮಾಮನನ್ನು ಊಟಕ್ಕೆ ಕರೆಯಲು ಮೇಲೆ ಹತ್ತಿದ್ದಳು.

ಡಬ್ಬಿಯನ್ನು ನಲಿನಿಯ ಕೈಗೆ ಕೊಟ್ಟವರು ಇನ್‌ಸ್ಪೆಕ್ಟರ್ ಅಮರೇಶಪ್ಪ. ಮೊನ್ನೆ ಸಂಜೆ ಬಂದು ಕುರ್ಚಿಯ ತುದಿಯಲ್ಲಿ ಕೂತಿದ್ದರು.

“ಹಿಂಗ ಕೊಡಬಾರದು, ಬಾಯಾರ. ಆದ್ರ ಇದು ಏನಂತ ನಮ್ಮ ಲ್ಯಾಬಿನವ್ರಿಗೇ ತಿಳೀವಲ್ದು. ಒಬ್ಬಾವ ಬಾಂಬ್ ಅಂದ. ನೀವು ಫಿಸಿಕ್ಸ್ ಹೇಳೋರು, ಎರಡು ದಿನ ಇಟ್ಕೊಂಡು ನೋಡಿ ಹೇಳ್ರಿ.”

“ಏನು ನೋಡ್ಲಿ?”

“ನಿಮ್ಮ ಅಣ್ಣಾರು ಕಡೀ ತನಕ ಇಲ್ಲೇ ಕುಂತು ಇದನ್ನ ಮಾಡಾಕತ್ತಿದ್ರು ಅನ್ನೂದರ ಮ್ಯಾಲೆ ನನ್ನ ಕೇಸು ನಿಂತೈತಿ. ಹಂಗಿದ್ರ ಮೆಟ್ಟಲಾ ಹತ್ತಿದಾವ ಸತ್ತಾರ್ ಮಿಯಾ ಒಬ್ಬನ.” ಅವರು ಟೋಪಿಯನ್ನು ತೊಡೆಯ ಮೇಲೆ ತಿರುಗಿಸಿದರು. “ಆದ್ರೂ ಒಂದು ಮಾತು ಕೊರಿಯಾಕತ್ತೈತಿ. ಗಾಯದಾಗ ಉಣ್ಣೀ ಎಳಿ ಸಿಕ್ಕಾವ, ಕಂದು ಬಣ್ಣದ್ದು. ಉಣ್ಣೀ ಬಟ್ಟಿ ಒತ್ತಿ ಹಿಡದು ರಕ್ತ ನಿಂದರ್ಸಾಕ ನೋಡ್ಯಾರ. ಹೊಡದಾವ ಹಂಗ ಮಾಡ್ತಾನೇನ್ರಿ? ಅದೂ ಈ ಬ್ಯಾಸಗ್ಯಾಗ ಉಣ್ಣೀ ಯಾರ ಹತ್ರ ಇರ್ತೈತಿ?”

ನಲಿನಿ ಡಬ್ಬಿಯನ್ನು ಕೈಗೆ ತೆಗೆದುಕೊಂಡಿದ್ದಳು.

“ಮುದುಕ ಅನ್ನ ಮುಟ್ಟವಲ್ಲ,” ಎಂದು ಎದ್ದಿದ್ದರು ಅಮರೇಶಪ್ಪ. “ಭಾಳ ದಿನ ತಡಿಯಂಗಿಲ್ಲ ಅವ.”

*

ಜರ್ಮೇನಿಯಂ ಬಿಸಿಯನ್ನು ತಡೆಯುವುದಿಲ್ಲ ಎಂದು ನಲಿನಿ ಇಪ್ಪತ್ತು ವರ್ಷದಿಂದ ಡಿಗ್ರಿ ಹುಡುಗಿಯರಿಗೆ ಪಾಠ ಹೇಳಿದ್ದಳು. ಪಾಠ ಎದುರಿಗೆ ಬಂದು ಕೂತಾಗ ಗುರುತು ಹಿಡಿಯಲು ಅವಳಿಗೆ ಒಂದು ಮಳೆ ಬೇಕಾಯಿತು.

ಮೀಟರು ತೆಗೆದಳು. ಅಣ್ಣನ ನಿಯಮ ಅವಳಿಗೆ ಗೊತ್ತಿತ್ತು. ಊಟದ ಎಲೆಯ ಮುಂದೆ ನೂರು ಸಲ ಕೇಳಿದ್ದಳು. ಎರಡನೆಯ ಟ್ರಾನ್ಸಿಸ್ಟರಿನ ಮೇಲೆ ಬ್ಯಾಟರಿಯ ಸರಿ ಅರ್ಧ ಇರಬೇಕು, ನಾಲ್ಕೂವರೆ ವೋಲ್ಟು. ಹೆಚ್ಚಾದರೂ ಕಡಿಮೆಯಾದರೂ ಕಂಠ ಕೆಡುತ್ತದೆ. ಒಂದು ಪುಟ್ಟ ತಿರುಪನ್ನು ತಿರುಗಿಸಿ ನಾಲ್ಕೂವರೆಗೆ ತಂದು, ಮತ್ತೆ ಅಲುಗದಂತೆ ಅದರ ಮೇಲೆ ಅರಗಿನ ಒಂದು ಹನಿ ಬಿಡುತ್ತಿದ್ದ. ಈ ಡಬ್ಬಿಯ ತಿರುಪಿನ ಮೇಲೂ ಕಡುಗೆಂಪು ಹನಿಯಿತ್ತು.

ಸಂಜೆ ಮುಳ್ಳು ಎಂಟನ್ನು ದಾಟಿತ್ತು. ಈಗ ಐದರ ಹತ್ತಿರ ನಿಂತಿತ್ತು. ಗೋಡೆಯ ಥರ್ಮಾಮೀಟರಿನಲ್ಲಿ ಇಪ್ಪತ್ನಾಲ್ಕು ಡಿಗ್ರಿ.

ಅವಳು ಕೆಳಗಿಳಿದು ಫ್ರಿಜ್ಜಿನ ಐಸನ್ನೆಲ್ಲ ಅಗಲ ತಟ್ಟೆಯಂಥ ಪರಾತಕ್ಕೆ ಸುರಿದುಕೊಂಡು ಬಂದಳು. ಪರಾತದ ನಡುವೆ ಬಟ್ಟಲು ಬೋರಲಿಟ್ಟು, ಅದರ ಮೇಲೆ ಡಬ್ಬಿ, ಪಕ್ಕಕ್ಕೆ ಥರ್ಮಾಮೀಟರು. ಮೇಲಿಂದ ಪಂಚೆ ಮುಚ್ಚಿ ಕಾದಳು.

ಇಪ್ಪತ್ಮೂರು. ಮುಳ್ಳು ಇಳಿಯಿತು.

ಇಪ್ಪತ್ತೆರಡು. ಮುಳ್ಳು ನಾಲ್ಕೂವರೆಯ ಗೆರೆಯ ಮೇಲೆ ಬಂದು ಕೂತಿತು. ಕೂದಲಿನಷ್ಟೂ ಆಚೀಚೆ ಇಲ್ಲ.

ಇಪ್ಪತ್ತೊಂದಕ್ಕೆ ಗೆರೆ ದಾಟಿ ಕೆಳಗೆ ಹೋಯಿತು.

ಬಿಸಿ ಮಾಡಿ, ತಣಿಸಿ, ಮೂರು ಸಲ ನೋಡಿದಳು. ಮೂರು ಸಲವೂ ಇಪ್ಪತ್ತೆರಡು.

ಅಂದರೆ ಈ ತಿರುಪನ್ನು ತಿರುಗಿಸಿದವರು ಇಪ್ಪತ್ತೆರಡು ಡಿಗ್ರಿಯ ಕೋಣೆಯಲ್ಲಿ ಕೂತು ತಿರುಗಿಸಿದ್ದರು. ಅಣ್ಣ ಸತ್ತ ದಿನ ಹೊರಗೆ ನಲವತ್ಮೂರು ಡಿಗ್ರಿ ಬಿಸಿಲಿತ್ತು. ಆ ರಾತ್ರಿ ಈ ಶೀಟಿನ ಕೋಣೆ ಮೂವತ್ತೇಳಕ್ಕಿಂತ ಕೆಳಗಿಳಿದಿರಲು ಸಾಧ್ಯವೇ ಇರಲಿಲ್ಲ.

ಚಳಿಗಾಲದಲ್ಲಿ ಮಾಡಿದ್ದನ್ನು ಅಣ್ಣ ಮೇ ತನಕ ಇಟ್ಟುಕೊಳ್ಳುವವನೂ ಅಲ್ಲ. ಡಬ್ಬಿ ಇಲ್ಲಿ ತಯಾರಾದದ್ದಲ್ಲ. ಅದನ್ನು ಯಾರೋ ಹೊರಗಿಂದ ಹೊತ್ತು ತಂದಿದ್ದರು. ಮೆಟ್ಟಿಲು ಹತ್ತಿದವನು ಸತ್ತಾರ್ ಮಿಯಾ ಒಬ್ಬನೇ ಅಲ್ಲ.

“ಅಮ್ಮಾ.”

ನಲಿನಿ ಬೆಚ್ಚಿದಳು. ಸುಹಾಸಿನಿ ಬಾಗಿಲಲ್ಲಿ ನಿಂತಿದ್ದಳು, ಮೂಗಿಗೆ ಕರ್ಚೀಫು ಹಿಡಿದು.

“ಈ ಹೊತ್ತಿನ್ಯಾಗ ಏನ್ ಮಾಡ್ಲಿಕತ್ತೀ? ಏನೋ ಕೂಗಿಧಂಗ ಆತು.”

“ನಿನ್ನ ಮಾಮಾನ ಡಬ್ಬಿ. ತಂಪಿಗೆ ಬಾಯಿ ಬಿಡ್ತು.”

ಸುಹಾಸಿನಿ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಎರಡು ಸಲ ಸೀನಿದಳು.

“ಎರಡು ವಾರ ಆತು ನಿನ್ನ ನೆಗಡಿಗೆ. ಒದ್ದಿ ಮಾಳಗಿ ಮ್ಯಾಲೆ ಬರಿಗಾಲಿಲೆ ನಿಂತೀಯಲ್ಲ. ಹೋಗು, ಮಲಕೋ.”

“ಹೋಗ್ತದ ಬಿಡು ಅದು,” ಎಂದು ಮಗಳು ಇಳಿದು ಹೋದಳು. ಮೆಟ್ಟಿಲುಗಳ ಮೇಲೆ ಅವಳ ಹೆಜ್ಜೆ ನಡುವೆ ಒಮ್ಮೆ ನಿಂತಿತು. ಆಮೇಲೆ ಮತ್ತೆ ಇಳಿಯಿತು.

ಗಂಡ ಹೋದ ಆರು ವರ್ಷದಲ್ಲಿ ನಲಿನಿಗೆ ಉಳಿದಿದ್ದವರು ಇಬ್ಬರು. ಈಗ ಒಬ್ಬಳು.

*

ದತ್ತಾತ್ರೇಯನಿಗೆ ಗೊತ್ತಿದ್ದ ತಂಪು ಕೋಣೆ ಒಂದೇ ಎಂದು ನಲಿನಿ ತಿಳಿದಿದ್ದಳು. ಸಿಕಂದರಾಬಾದ್ ಸ್ಟೇಷನ್ನಿನ ಹಿಂದೆ, ಟ್ರಂಕು ಮಾರುವ ಅಂಗಡಿಯ ಮೇಲೆ, ಬಂಡೆಪ್ಪನ ರೆಕಾರ್ಡಿಂಗ್ ಕೋಣೆ. ಬಂಡೆಪ್ಪ ಬೀದರಿನ ಬಟ್ಟೆ ವ್ಯಾಪಾರಿಯ ಮಗ. ದತ್ತಾತ್ರೇಯ ಮಾಡಿದ ಡಬ್ಬಿಗಳೆಲ್ಲ ಅವನ ಕೈಯಿಂದಲೇ ಗಿಟಾರಿನವರ ಕಾಲಿಗೆ ಹೋಗುತ್ತಿದ್ದವು. ‘ಬಂಡೆಪ್ಪನಲ್ಲಿಗೆ ಹೋದ್ರ ಕಾಶ್ಮೀರಕ್ಕ ಹೋಧಂಗ’ ಎಂದು ಅಣ್ಣ ನಗುತ್ತಿದ್ದ.

ಮಧ್ಯಾಹ್ನ ಒಂದಕ್ಕೆ ಅವಳು ಅವನ ಬಾಗಿಲು ತಟ್ಟಿದಳು. ಡಬ್ಬಿ ಸೆರಗಿನೊಳಗೆ ಇತ್ತು. ಎಲ್ಲಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿರಲಿಲ್ಲ. ಅದು ತಪ್ಪಾಯಿತೇನೋ ಎಂದು ಮೆಟ್ಟಿಲ ಮೇಲೆ ಅನಿಸಿತು.

ಬಾಗಿಲು ತೆರೆದದ್ದೇ ಒಲೆಯ ಬಾಯಿ ತೆರೆದಷ್ಟು ಧಗೆ ಮುಖಕ್ಕೆ ಬಡಿಯಿತು. ಬಂಡೆಪ್ಪ ಬನಿಯನ್ನಿನಲ್ಲಿದ್ದ, ಹೆಗಲ ಮೇಲೆ ಒದ್ದೆ ಟವೆಲ್ಲು.

“ಬರ್ರಿ ಅಕ್ಕಾರ, ಬರ್ರಿ. ಕಾಶ್ಮೀರ ಮುಚ್ಚೇತಿ. ಇದು ರಾಯಚೂರು.”

ಗೋಡೆಯಲ್ಲಿ ಎ.ಸಿ. ಇದ್ದ ಜಾಗದಲ್ಲಿ ಚೌಕಾಕಾರದ ತೂತಿತ್ತು. ಅದಕ್ಕೆ ರಟ್ಟು ಬಡಿದಿದ್ದರು. ರಟ್ಟಿನ ಮೇಲೆ ಹಲ್ಲಿಯ ಹಿಕ್ಕೆ ಒಣಗಿ ಬೆಳ್ಳಗಾಗಿತ್ತು.

“ಯಾವಾಗಿಂದ ಹಿಂಗ?”

“ಯುಗಾದಿ ಮರುದಿನದಿಂದ. ರಿಪೇರಿಯವ ಬಿಚ್ಕೊಂಡು ಒಯ್ದ, ಈಗ ಅವನೂ ಇಲ್ಲ, ಅದೂ ಇಲ್ಲ.” ಬಂಡೆಪ್ಪ ಅವಳ ಮುಖವನ್ನು ನೋಡಿದ. “ನೀವು ನನ್ನ ಮಾತಾಡ್ಸಾಕ ಬಂದಂಗ ಕಾಣವಲ್ದು, ಎ.ಸಿ. ಮಾತಾಡ್ಸಾಕ ಬಂದಂಗೈತಿ.”

ನಲಿನಿ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು.

“ಇದು ಇಪ್ಪತ್ತೆರಡು ಡಿಗ್ರಿ ತಂಪಿನ್ಯಾಗ ತಯಾರಾಗೇದ. ಎಲ್ಲಿ ಅಂತ ಹುಡಕ್ಲಿಕತ್ತೀನಿ.”

ಬಂಡೆಪ್ಪ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದವನು ನಿಲ್ಲಿಸಿದ. ಕೂತ. ಮುಚ್ಚಳ ತೆಗೆದು ಡಬ್ಬಿಯನ್ನು ಬೆಳಕಿಗೆ ವಾಲಿಸಿದ.

“ಆರಿಸಿದ ರೀತಿ ದತ್ತಣ್ಣಂದು,” ಅಂದ. “ಅಳದು ನೋಡ್ರಿ ಬೇಕಾದ್ರ, ಮೊದಲನೇದು ಎಪ್ಪತ್ತೈದು ದಾಟಿರಂಗಿಲ್ಲ.”

“ಎಪ್ಪತ್ನಾಲ್ಕು. ಎರಡನೇದು ನೂರಿಪ್ಪತ್ತೊಂದು.”

“ನೋಡ್ರಿ ಮತ್ತ. ನೂರಾ ಎಂಟು ಕಿವುಡರನ್ನ ಕಳದು ಇವೆರಡನ್ನ ಹಿಡದಾರ. ಭಾಳ ತಾಳ್ಮಿ ಬೇಕು.” ಅವನು ಹೆಬ್ಬೆರಳಿನ ಉಗುರಿನಿಂದ ತಿರುಪಿನ ಮೇಲಿನ ಕೆಂಪು ಹನಿಯನ್ನು ಕೆರೆದ. ತೆಳ್ಳಗಿನ ಹೊಳೆಯುವ ಸಿಪ್ಪೆ ಎದ್ದು ಬಂತು. “ಆದ್ರ ಕೈ ಅವರದಲ್ಲ.”

“ಯಾಕ?”

“ಅರಗು ಹಿಂಗ ಸಿಪ್ಪಿ ಏಳಂಗಿಲ್ರಿ, ಪುಡಿ ಆಗ್ತೈತಿ. ಇದು ಹೆಣ್ಮಕ್ಕಳ ಉಗುರಿನ ಬಣ್ಣ.”

ಕೆಳಗಿನ ಅಂಗಡಿಯಲ್ಲಿ ಯಾರೋ ಟ್ರಂಕಿನ ಮೇಲೆ ಸುತ್ತಿಗೆ ಹಾಕುತ್ತಿದ್ದರು. ಏಟಿಗೊಮ್ಮೆ ಮೇಜು ಸಣ್ಣಗೆ ನಡುಗುತ್ತಿತ್ತು.

“ಅಣ್ಣನ ಹತ್ರ ಕಲತವರು ಎಷ್ಟು ಮಂದಿ?” ನಲಿನಿ ಕೇಳಿದಳು. ತನ್ನ ದನಿ ಪರೀಕ್ಷೆಯ ಹಾಲಿನಲ್ಲಿ ಮಾತಾಡಿದ ಹಾಗೆ ಸಮನಾಗಿದೆ ಎಂದು ಅವಳಿಗೇ ಅನ್ನಿಸಿತು.

“ಅಕ್ಕಾರ, ಮನಿಗೆ ಹೋಗ್ರಿ.”

“ಎಷ್ಟು ಮಂದಿ, ಬಂಡೆಪ್ಪ?”

“ಒಬ್ಬರ.” ಅವನು ಅವಳತ್ತ ನೋಡಲಿಲ್ಲ. “ಮಾಮಾಗ ಚಾ ಕೊಡಾಕ ಹೋಗ್ತೀನಂತ ನಿಮಗ ಹೇಳಿ ಮಾಳಗಿ ಹತ್ತುತಿದ್ಲು. ಮೂರು ವರ್ಷ ಆತು. ಶನಿವಾರ ಶನಿವಾರ ಇಲ್ಲಿ ಬಂದು ಗಿಟಾರ್ ಬಾರಸ್ತಾಳ. ಎಂ.ಎಸ್ಸಿ. ಪೇಲಾದಾಗ ಅದನ್ನ ಬಿಟ್ಟುಬಿಡ್ತೀನಂತ ನಿಮ್ಮ ಮುಂದ ಆಣಿ ಮಾಡ್ಯಾಳಂತಲ್ಲ. ಹಂಗಾಗಿ ನಾವ್ಯಾರೂ ಬಾಯಿ ಬಿಡಲಿಲ್ಲ.”

“ನಾವು ಅಂದ್ರ ಯಾರು?”

“ದತ್ತಣ್ಣ, ನಾನು.”

ನಲಿನಿ ನೀರು ಕೇಳಿದಳು. ಅವನು ತಂದುಕೊಟ್ಟ. ಅವಳು ಕುಡಿಯಲಿಲ್ಲ.

“ಇನ್ನೂ ಏನೋ ಅದ. ಹೇಳಿಬಿಡ್ರಿ.”

ಬಂಡೆಪ್ಪ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ.

“ಆ ರಾತ್ರಿ ಒಂಬತ್ತಕ್ಕ ದತ್ತಣ್ಣ ಫೋನ್ ಮಾಡಿದ್ರು. ಸತ್ತಾರ್ ಮಿಯಾ ಈಗ ಹ್ವಾದ, ಜಗಳಾ ಮುಗೀತು, ಪಾನ್ ಕೊಟ್ಟು ಕಳಿಸಿದೆ ಅಂದ್ರು. ಹುಡುಗಿ ಬಂದಾಳ, ತಾನ ಮಾಡಿದ ಮೊದಲನೇ ಡಬ್ಬಿ ತಂದಾಳ, ಆದ್ರ ಸೆಕೀಗೆ ಅದು ಬಾಯಿ ಬಿಡವಲ್ದು, ತನ್ನ ಎ.ಸಿ. ರೂಮಿನ್ಯಾಗ ಕೂತು ತಿರುಪು ತಿರುವ್ಯಾಳ ಹುಚ್ಚಿ ಅಂತ ನಕ್ಕರು. ಐರನ್ ಬಿಸಿಗೆ ಇಟ್ಟೀನಿ, ಈಗ ಕಲಿಸಿಕೊಡ್ತೀನಿ ಅಂದ್ರು.”

“ಆಮ್ಯಾಲೆ?”

“ಆಮ್ಯಾಲೆ ದನಿ ಬ್ಯಾರೆ ಆತು. ‘ನಾಳೆ ನಲಿನಿ ವಾರಂಗಲ್ಲಿಂದ ಬಂದ ಕೂಡಲೆ ಎಲ್ಲಾ ಹೇಳಿಬಿಡ್ತೀನಿ, ಇನ್ನ ಮುಚ್ಚಿಡೂದು ನನ್ನ ಕೈಲೆ ಆಗೂದುಲ್ಲ’ ಅಂದ್ರು. ಹಿಂದಿಂದ ಹುಡುಗಿ ‘ಬ್ಯಾಡ ಮಾಮಾ’ ಅಂದದ್ದು ನನಗ ಕೇಳಿಸ್ತು. ಫೋನು ಕಟ್ಟಾತು.”

“ಎಲ್ಲಾ ಅಂದ್ರ? ಬರೇ ಗಿಟಾರ್ ಮಾತೇನು?”

“ಗಿಟಾರಿಗೆ ಯಾರೂ ಆ ದನೀಲೆ ಬ್ಯಾಡ ಅನ್ನಂಗಿಲ್ರಿ ಅಕ್ಕಾರ. ಏನಂತ ನನಗೂ ಗೊತ್ತಿಲ್ಲ.”

ಸುಹಾಸಿನಿ ಪೊಲೀಸರಿಗೆ ಬರೆದುಕೊಟ್ಟ ಹೇಳಿಕೆಯನ್ನು ನಲಿನಿಯೇ ಕೂತು ತಿದ್ದಿದ್ದಳು. ‘ರಾತ್ರಿ ಹತ್ತು ಗಂಟೆಗೆ ಕೆಲಸದಿಂದ ಬಂದೆನು.’ ಬಂದೆ ಎಂದಿದ್ದುದನ್ನು ಬಂದೆನು ಎಂದು ಮಾಡಿದ್ದಳು.

“ಪೊಲೀಸರಿಗೆ ಯಾಕ ಹೇಳಲಿಲ್ಲ?”

“ಹೇಳಿದ್ರ ಮುದುಕ ಹೊರಗ ಬರ್ತಾನ, ಹುಡುಗಿ ಒಳಗ ಹೋಗ್ತಾಳ.” ಬಂಡೆಪ್ಪ ಡಬ್ಬಿಯ ಮುಚ್ಚಳ ಹಾಕಿ, ಎರಡೂ ಕೈಯಿಂದ ಅವಳತ್ತ ದೂಡಿದ. “ಮೂರು ರಾತ್ರಿ ನಿದ್ದಿಲ್ಲದ ಇದನ್ನ ತೂಗಿ ನೋಡೀನಿ. ನನಗ ಆಗಲಿಲ್ಲ. ನೀವು ತಾಯಿ. ನೀವ ಹೇಳ್ರಿ, ಇಲ್ಲಾ ಬಿಡ್ರಿ. ಯಾರರ ಕೇಳಿದ್ರ ನನಗ ಫೋನ್ ಬಂದಿಲ್ಲ.”

*

ಬಸ್ಸಿನಲ್ಲಿ ಕೂತಾಗ ಅವಳಿಗೆ ಅಮೀರ್‌ಪೇಟೆಯ ಆ ಕೋಣೆ ನೆನಪಾಯಿತು.

ಜನವರಿಯಿಂದ ಸುಹಾಸಿನಿ ಅಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಒಮ್ಮೆ ಊಟದ ಡಬ್ಬಿ ಮರೆತು ಹೋದಳೆಂದು ನಲಿನಿ ಕೊಡಲು ಹೋಗಿದ್ದಳು. ಚಪ್ಪಲಿ ಹೊರಗೆ ಬಿಡಿಸಿದ್ದರು. ಒಳಗೆ ಗಾಜಿನ ಕೋಣೆ, ಸಾಲಾಗಿ ಕಂಪ್ಯೂಟರುಗಳು, ಕೈ ಉಜ್ಜಿಕೊಳ್ಳುವಂಥ ಥಂಡಿ. ಎ.ಸಿ.ಯ ಮೇಲೆ ಕೆಂಪು ಅಂಕಿ ಹೊಳೆಯುತ್ತಿತ್ತು. ಇಪ್ಪತ್ತೆರಡು. ಯಂತ್ರಗಳಿಗೆ ಇಷ್ಟೇ ಇರಬೇಕಂತೆ ಅಮ್ಮಾ, ಮನುಷ್ಯರನ್ನ ಯಾರೂ ಕೇಳೂದುಲ್ಲ ಎಂದು ಮಗಳು ನಕ್ಕಿದ್ದಳು.

ನಕ್ಕು, ಹೆಗಲ ಮೇಲಿನ ಶಾಲನ್ನು ಎಳೆದುಕೊಂಡಿದ್ದಳು.

ನಲಿನಿ ಮುಂದಿನ ಸೀಟಿನ ಕಂಬಿಯನ್ನು ಹಿಡಿದಳು.

ಅದು ಅವಳ ಗಂಡನ ಶಾಲು. ನಾಗಪುರದಲ್ಲಿದ್ದಾಗ ಕೊಂಡದ್ದು. ಕಂದು ಬಣ್ಣದ ಉಣ್ಣೆ. ಹೊರಗೆ ಬಿಸಿಲು ನಲವತ್ತು ದಾಟಿದರೂ ಸುಹಾಸಿನಿ ಅದನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡೇ ಕೆಲಸಕ್ಕೆ ಹೋಗುತ್ತಿದ್ದಳು.

ಎರಡು ವಾರದಿಂದ ಅವಳಿಗೆ ನೆಗಡಿ ಬಿಟ್ಟಿರಲಿಲ್ಲ.

ಮನೆಗೆ ಬಂದವಳು, ನಡುಮನೆಯಲ್ಲಿ ಮಲಗಿದ್ದ ಮಗಳನ್ನು ಎಬ್ಬಿಸದೆ, ಕಾಲು ತೊಳೆಯದೆ ನೇರ ಕಪಾಟಿನ ಹತ್ತಿರ ಹೋದಳು. ಮಗಳ ಚೂಡಿದಾರಗಳನ್ನು ಒಂದೊಂದಾಗಿ ಸರಿಸಿದಳು. ಕೆಳಗಿನ ಅರೆ, ಮೇಲಿನ ಅರೆ, ಟ್ರಂಕು. ಶಾಲು ಇರುತ್ತಿದ್ದ ಮೂಲೆಯಲ್ಲಿ ಎರಡು ಡಾಂಬರು ಗುಳಿಗೆ ಉಳಿದಿದ್ದವು. ಕನ್ನಡಿಯ ಮುಂದೆ ಕಡುಗೆಂಪು ಉಗುರುಬಣ್ಣದ ಪುಟ್ಟ ಸೀಸೆ ಇತ್ತು, ಮುಚ್ಚಳ ಸಡಿಲಾಗಿ.

ರಕ್ತ ನಿಲ್ಲಿಸಲು ಶಾಲು ಒತ್ತಿ ಹಿಡಿದವಳು ಹೊಡೆದವಳಾಗಿರಲಾರಳು. ಇಲ್ಲ, ಹೊಡೆದವಳೇ ಹೆದರಿ ಒತ್ತಿ ಹಿಡಿದಿರಬಹುದು. ಅಥವಾ ಆ ಕೋಣೆಯಲ್ಲಿ ಮೂರನೆಯವರೂ ಇದ್ದರೇ? ಎಲ್ಲಾ ಹೇಳಿಬಿಡುತ್ತೇನೆ ಎಂದಿದ್ದ ಅಣ್ಣ. ಯಾವ ಎಲ್ಲಾ?

ಕೇಳಿದರೆ ಮಗಳು ಹೇಳಿಯಾಳು. ಹೇಳಿದ ಮೇಲೆ ಅದು ನಲಿನಿಗೂ ಗೊತ್ತಿರುತ್ತದೆ. ಗೊತ್ತಿದ್ದನ್ನು ಇಲ್ಲ ಎಂದು ಹೇಳಲು ಅವಳಿಗೆ ಜನ್ಮದಲ್ಲಿ ಬಂದಿಲ್ಲ. ಅವಳ ಮುಖವೇ ಹೇಳಿಬಿಡುತ್ತದೆ.

ಅಮರೇಶಪ್ಪ ಡಬ್ಬಿ ಒಯ್ಯಲು ನಾಲ್ಕಕ್ಕೆ ಬರುವವರಿದ್ದರು. ಗಂಟೆ ಮೂರಾಗಿತ್ತು.

*

ಮಾಳಿಗೆಯ ಕೋಣೆಯಲ್ಲಿ ಮೂವತ್ತೆಂಟು ಡಿಗ್ರಿ. ರಾತ್ರಿಯ ಮಳೆಯ ಗುರುತು ಎಲ್ಲೂ ಇರಲಿಲ್ಲ.

ನಲಿನಿ ಫ್ಯಾನು ಹಾಕಲಿಲ್ಲ. ಬಾಗಿಲು ಮುಚ್ಚಿ, ಡಬ್ಬಿಯನ್ನು ಅಣ್ಣನ ಮೇಜಿನ ಮೇಲೆ ತೆರೆದಿಟ್ಟು, ಅದು ಕೋಣೆಯಷ್ಟೇ ಬಿಸಿಯಾಗುವವರೆಗೆ ಕಾದಳು. ಆಮೇಲೆ ಬ್ಲೇಡಿನ ತುದಿಯಿಂದ ತಿರುಪಿನ ಮೇಲಿನ ಬಣ್ಣವನ್ನು ಎಬ್ಬಿಸಿದಳು. ಸಿಪ್ಪೆಗಳನ್ನು ಒಂದೊಂದಾಗಿ ಕರವಸ್ತ್ರದಲ್ಲಿ ಹೆಕ್ಕಿಕೊಂಡಳು.

ಮೀಟರು ಎಂಟು ದಾಟಿತ್ತು. ಅವಳು ಅಣ್ಣನ ಸಣ್ಣ ಸ್ಕ್ರೂಡ್ರೈವರನ್ನು ತಿರುಪಿನ ಸೀಳಿಗೆ ಇಟ್ಟಳು.

ಸತ್ತಾರ್ ಮಿಯಾನ ಮುಖ ಕಣ್ಣ ಮುಂದೆ ಬಂತು. ಈದಿಗೆ ಶ್ಯಾವಿಗೆಯ ಶೀರ್ ಖುರ್ಮಾ ತರುತ್ತಿದ್ದ. ಹಾಲು ಬ್ರಾಹ್ಮಣರ ಅಂಗಡಿಯದೇ ಬೇಟಾ ಎಂದು ಪ್ರತಿ ಸಲವೂ ಹೇಳಿ, ಮೆಟ್ಟಿಲ ಮೇಲೆ ದಮ್ಮಿಗೆ ಕೂತುಬಿಡುತ್ತಿದ್ದ.

ಅವಳ ಕೈ ನಿಂತಿತು. ಹಣೆಯ ಬೆವರು ಇಳಿದು ಮೇಜಿನ ಮೇಲೆ ಬಿತ್ತು.

ತಿರುಗಿಸಿದಳು.

ಎಂಟು. ಏಳು. ಐದೂವರೆ. ನಾಲ್ಕೂವರೆ.

ಡ್ರಾಯರಿನಲ್ಲಿ ಅಣ್ಣನ ಅರಗಿನ ಕಡ್ಡಿ ಇತ್ತು. ಐರನ್ನಿಗೆ ತಾಗಿಸಿ, ಒಂದು ಹನಿಯನ್ನು ತಿರುಪಿನ ಮೇಲೆ ಬೀಳಿಸಿದಳು. ಅದು ಮಬ್ಬಾಗಿ ಗಟ್ಟಿಯಾಯಿತು, ಅಣ್ಣನ ಎಲ್ಲ ಡಬ್ಬಿಗಳಲ್ಲಿ ಇರುವ ಹಾಗೆಯೇ.

ಈಗ ಈ ಡಬ್ಬಿ ಈ ಕೋಣೆಯ ಸೆಕೆಯಲ್ಲಿ ಹುಟ್ಟಿದ್ದು. ಯಾರು ಹೇಗೆ ಅಳೆದರೂ ಅದು ಅದನ್ನೇ ಹೇಳುತ್ತದೆ.

ಕೆಳಗೆ ಜೀಪು ನಿಂತ ಸದ್ದಾಯಿತು.

ಅಮರೇಶಪ್ಪ ಏದುಸಿರು ಬಿಡುತ್ತ ಮೇಲೆ ಬಂದರು. ಅವರ ಹಿಂದೆ ಸುಹಾಸಿನಿ, ತಟ್ಟೆಯಲ್ಲಿ ನೀರಿನ ಲೋಟ ಹಿಡಿದು. ಇಂದು ಅವಳಿಗೆ ರಜೆ. ಈ ಸಲವೂ ಅವಳು ಹೊಸ್ತಿಲಲ್ಲೇ ನಿಂತಳು.

“ಏನರ ಗೊತ್ತಾತೇನ್ರಿ, ಬಾಯಾರ?”

ನಲಿನಿ ಗಿಟಾರಿನ ತಂತಿ ಮೀಟಿದಳು. ಮೂವತ್ತೆಂಟು ಡಿಗ್ರಿಯಲ್ಲಿ ಡಬ್ಬಿ ಬಾಯ್ತುಂಬ ಕೂಗಿತು. ತಟ್ಟೆಯ ಮೇಲೆ ಲೋಟ ಕಟಕಟ ಅಂದಿತು. ಸುಹಾಸಿನಿಯ ಕಣ್ಣು ಡಬ್ಬಿಯ ಮೇಲೆ ನೆಟ್ಟಿತು, ಆಮೇಲೆ ತಾಯಿಯ ಮೇಲೆ. ಆ ನೋಟದಿಂದ ನಲಿನಿಗೆ ತಿಳಿಯಿತು, ಸೆಕೆಯಲ್ಲಿ ಅದು ಕೂಗಬಾರದೆಂದು ಮಗಳಿಗೆ ಗೊತ್ತಿತ್ತು.

“ಅಣ್ಣನ ಕೈದೇ ಅದ,” ಅಂದಳು ನಲಿನಿ. “ಇಲ್ಲೇ ಕೂತು ಮಾಡ್ಯಾನ.”

“ಖಾತ್ರಿ ಏನ್ರಿ?”

“ಹೂಂ.”

ಅಮರೇಶಪ್ಪ ಉಸಿರು ಬಿಟ್ಟರು. ಡಬ್ಬಿಯನ್ನು ಚೀಲಕ್ಕೆ ಹಾಕಿ, ದಾರ ಕಟ್ಟಿದರು. “ಹಂಗಾದ್ರ ಮುದುಕಂದು ಮುಗೀತು.” ಅವರ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ನೀರು ಕುಡಿದು ಲೋಟ ಇಟ್ಟರು.

ಸುಹಾಸಿನಿ ಸೀನಿದಳು.

ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದ ಅಮರೇಶಪ್ಪ ತಿರುಗಿ ನೋಡಿದರು.

“ಈ ಉರಿಬಿಸಲಾಗ ನೆಗಡಿ ಹೆಂಗ ಬಂತವ್ವಾ ನಿನಗ?”

ಸುಹಾಸಿನಿ ಮೂಗಿಗೆ ಕರ್ಚೀಫು ಒತ್ತಿಕೊಂಡು ತಾಯಿಯತ್ತ ನೋಡಿದಳು.

“ಅಕಿಗೆ ಧೂಳಾಗೂದುಲ್ಲರಿ,” ಅಂದಳು ನಲಿನಿ. “ಸಣ್ಣಾಕಿ ಇದ್ದಾಗಿಂದ ಹಂಗ.”

ಅವರು ಇನ್ನೊಂದು ಕ್ಷಣ ಹುಡುಗಿಯನ್ನು ನೋಡಿದರು. ಅವಳ ಉಗುರುಗಳನ್ನೋ, ಮುಖವನ್ನೋ ನಲಿನಿಗೆ ತಿಳಿಯಲಿಲ್ಲ. ತಲೆದೂಗಿ ಇಳಿದು ಹೋದರು. ಜೀಪು ತಕ್ಷಣ ಹೊರಡಲಿಲ್ಲ. ಅದರ ಸದ್ದು ಗಲ್ಲಿ ದಾಟುವವರೆಗೆ ತಾಯಿ ಮಗಳು ನಿಂತಲ್ಲೇ ನಿಂತಿದ್ದರು.

“ಅಮ್ಮಾ,” ಸುಹಾಸಿನಿ ಹೊಸ್ತಿಲು ದಾಟಿ ಒಳಗೆ ಬಂದಳು. ಹದಿನಾರು ದಿನದಲ್ಲಿ ಮೊದಲ ಸಲ. “ಆ ರಾತ್ರಿ ಮಾಮಾ...”

“ಹೇಳಬ್ಯಾಡ.”

“ಕೇಳು ಒಂದು ಸಲ. ನಾ ಒಬ್ಬಾಕೀನೇ ಇರಲಿಲ್ಲ ಇಲ್ಲಿ...”

“ನನಗೂ ಹೇಳಬ್ಯಾಡ.”

ನಲಿನಿ ಕರವಸ್ತ್ರದ ನಾಲ್ಕು ಮೂಲೆಯನ್ನು ಸೇರಿಸಿ ಗಂಟು ಹಾಕಿದಳು. ಒಳಗೆ ಕೆಂಪು ಸಿಪ್ಪೆಗಳಿದ್ದವು. ಅಮರೇಶಪ್ಪನಿಗೆ ಹೇಳುವುದಿಲ್ಲ. ಬಂಡೆಪ್ಪನಿಗೆ ಹೇಳುವುದಿಲ್ಲ. ಠಾಣೆಯ ಗೇಟಿನ ಹತ್ತಿರ ಬುರ್ಖಾ ಎತ್ತಿ, ಬಂದವರನ್ನೆಲ್ಲ ಗಂಡನ ಬಗ್ಗೆ ಕೇಳುತ್ತ ಕೂತಿರುವ ಸತ್ತಾರ್ ಮಿಯಾನ ಹೆಂಡತಿಗೂ ಹೇಳುವುದಿಲ್ಲ. ನಾಳೆ ಠಾಣೆಯ ದಾರಿ ಬಿಟ್ಟು ಬೇರೆ ದಾರಿಯಿಂದ ಕಾಲೇಜಿಗೆ ಹೋಗಬೇಕು.

ಅವಳು ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸ್ವಿಚ್ಚಿನ ಹತ್ತಿರ ಹೋಗಿ ಫ್ಯಾನು ಹಾಕಿದಳು.